ಪಿಡಿಎಫ್ ಇದೆ, ಪಠ್ಯ ಎಲ್ಲಿದೆ?

ಒಂದು ಕನ್ನಡ ಪಠ್ಯ ಡಿಜಿಟಲ್ ಆಗಿದೆಯೋ ಇಲ್ಲವೋ ಎಂದು ತಿಳಿಯಲು ದೊಡ್ಡ ಪರೀಕ್ಷೆ ಬೇಕಿಲ್ಲ. ಫೈಲು ತೆರೆಯಿರಿ, ಅದರಲ್ಲಿ ಇದ್ದೇ ಇರುವ ಒಂದು ಪದವನ್ನು ಹುಡುಕಿ. ಸಿಕ್ಕಿದರೆ ಆಗಿದೆ. ಸಿಗದಿದ್ದರೆ ಆಗಿಲ್ಲ, ನಿಮ್ಮ ಕೈಯಲ್ಲಿರುವುದು ಬರೀ ಕಾಗದದ ಫೋಟೊ. ನಮ್ಮ ವಿದ್ಯಾರ್ಥಿಗಳ ಮೊಬೈಲುಗಳಲ್ಲಿ ಓಡಾಡುವ ಕನ್ನಡ ಪಠ್ಯ, ನೋಟ್ಸುಗಳಲ್ಲಿ ಈ ಪರೀಕ್ಷೆಯಲ್ಲಿ ಸೋಲುವವೇ ಹೆಚ್ಚು. ವಾಟ್ಸಾಪ್ ಗುಂಪಿಗೆ ಪಿಡಿಎಫ್ ಹಾಕಿದ ಕೂಡಲೇ ಕೆಲಸ ಮುಗಿಯಿತೆಂದು ನಾವು ನಂಬಿಬಿಟ್ಟಿದ್ದೇವೆ.

ಈ ಮಾತು ಮೈಸೂರು, ಧಾರವಾಡಕ್ಕಿಂತ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡಿಗರಿಗೆ ಹೆಚ್ಚು ತಾಗುತ್ತದೆ. ಮೈಸೂರಿನ ವಿದ್ಯಾರ್ಥಿಗೆ ಪುಸ್ತಕ ಬೇಕಾದರೆ ವಿಶ್ವವಿದ್ಯಾಲಯದ ಪ್ರಸಾರಾಂಗವಿದೆ, ಊರಿನ ಪುಸ್ತಕದಂಗಡಿಗಳಿವೆ, ಸೀನಿಯರುಗಳ ಹಳೆಯ ಪ್ರತಿಗಳಿವೆ. ಇಲ್ಲಿ ಕನ್ನಡದ ಪಠ್ಯಪುಸ್ತಕ ಬೇಕೆಂದರೆ ಊರಿಗೆ ಹೋದವರಿಗೆ ಹೇಳಿ ಕಳಿಸಬೇಕು. ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಥಾಣೆಗೆ ಬಂದಿಳಿಯುವ ನೆಂಟರ ಚೀಲದಲ್ಲಿ ಹಲಸಿನ ಹಪ್ಪಳ, ಕುಚ್ಚಲಕ್ಕಿಯ ನಡುವೆ ಪಠ್ಯಪುಸ್ತಕವೂ ಬರುತ್ತದೆ. ಅಷ್ಟರಲ್ಲಿ ಅರ್ಧ ಸೆಮಿಸ್ಟರ್ ಕಳೆದಿರುತ್ತದೆ.

ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇರುವುದು ಕಲೀನಾದ ವಿದ್ಯಾನಗರಿಯಲ್ಲಿ. ಎಂ.ಎ., ಪಿಎಚ್.ಡಿ. ಜೊತೆಗೆ ಕನ್ನಡೇತರರಿಗೆ ಕನ್ನಡ ಕಲಿಸುವ ಸರ್ಟಿಫಿಕೇಟ್ ಕೋರ್ಸನ್ನೂ ಅದು ನಡೆಸುತ್ತ ಬಂದಿದೆ. ಮಹಾರಾಷ್ಟ್ರದ ರಾಜಧಾನಿಯಲ್ಲಿ ಪಂಪನನ್ನೂ ಚಿತ್ತಾಲರನ್ನೂ ಪಾಠ ಹೇಳುವ ವಿಭಾಗವೊಂದು ಉಳಿದು ಬೆಳೆದದ್ದು ಸಣ್ಣ ಸಂಗತಿಯಲ್ಲ. ಡೊಂಬಿವಲಿಯ ವಿದ್ಯಾರ್ಥಿ ಅಲ್ಲಿಗೆ ಹೋಗಬೇಕಾದರೆ ಲೋಕಲ್ ಹಿಡಿದು ಕುರ್ಲಾದಲ್ಲಿ ಇಳಿದು, ಅಲ್ಲಿಂದ ಬಸ್ಸೋ ರಿಕ್ಷಾವೋ ಹತ್ತಬೇಕು. ನೆರೂಲ್, ಬೇಲಾಪುರದವರು ಹಾರ್ಬರ್ ಲೈನಿನಲ್ಲಿ ಅದೇ ಕುರ್ಲಾಕ್ಕೆ ಬರಬೇಕು. ಇವರಲ್ಲಿ ಉದ್ಯೋಗಸ್ಥರಿದ್ದಾರೆ, ಶಾಲಾ ಶಿಕ್ಷಕರಿದ್ದಾರೆ, ಮಕ್ಕಳು ದೊಡ್ಡವರಾದ ಮೇಲೆ ಬಿಟ್ಟ ಓದನ್ನು ಮತ್ತೆ ಹಿಡಿದ ಗೃಹಿಣಿಯರಿದ್ದಾರೆ. ಓದಲು ಅವರಿಗೆ ಸಿಗುವ ಹೊತ್ತೆಂದರೆ ರೈಲಿನ ಹೊತ್ತು.

ಮುಂಬಯಿ ಕನ್ನಡಿಗರಿಗೆ ಇದು ಹೊಸದೂ ಅಲ್ಲ. ಹಗಲು ಹೋಟೆಲಿನಲ್ಲಿ, ಕಚೇರಿಯಲ್ಲಿ, ಮಿಲ್ಲಿನಲ್ಲಿ ದುಡಿದು ರಾತ್ರಿ ಶಾಲೆಯ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಮುಗಿಸಿದವರ ಪರಂಪರೆ ನಮ್ಮದು. ಬಂಟರು, ಬಿಲ್ಲವರು, ಮೊಗವೀರರು ಕಟ್ಟಿದ ಸಂಸ್ಥೆಗಳು ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದವು. ಆ ಹುಡುಗರಿಗೆ ಪಾಠ ಸಿಕ್ಕಿದ್ದು, ಅವರಿಗೆ ಬಿಡುವಾದ ಹೊತ್ತಿಗೆ ಪಾಠವೇ ಅವರಿದ್ದ ಕಡೆ ಹೋದದ್ದರಿಂದ. ಇವತ್ತು ಆ ಕೆಲಸವನ್ನು ಫೋನು ಮಾಡಬಲ್ಲದು, ಪಠ್ಯ ಫೋನಿಗೆ ತಕ್ಕಂತೆ ಇದ್ದರೆ.

ಈಗ ಏನಿದೆ ಎಂದು ಹತ್ತಿರದಿಂದ ನೋಡೋಣ. ಬೆಳಗಿನ ಲೋಕಲಿನಲ್ಲಿ ನಿಂತವರ ಒಂದು ಕೈ ಮೇಲಿನ ಹಿಡಿಕೆಯಲ್ಲಿರುತ್ತದೆ, ಇನ್ನೊಂದರಲ್ಲಿ ಫೋನು. ತೆರೆದ ಪುಸ್ತಕದ ಎರಡು ಪುಟಗಳನ್ನು ಒಟ್ಟಿಗೆ ಸ್ಕ್ಯಾನ್ ಮಾಡಿದ ಪಿಡಿಎಫ್ ತೆರೆಯ ಮೇಲೆ ಅಂಗೈಯಗಲಕ್ಕೆ ಕುಗ್ಗಿದೆ. ಬೈಂಡಿಂಗಿನ ಕಡೆಯ ಅಕ್ಷರಗಳು ಬಾಗಿ ಕಪ್ಪಾಗಿವೆ. ಪುಟ ಒತ್ತಿ ಹಿಡಿದವರ ಹೆಬ್ಬೆರಳು ಅಡಿಟಿಪ್ಪಣಿಯ ಮೇಲೆ ಕೂತಿದೆ. ಓದಬೇಕಾದರೆ ಎರಡು ಬೆರಳಿನಿಂದ ಹಿಗ್ಗಿಸಬೇಕು, ಅದಕ್ಕೆ ಇನ್ನೊಂದು ಕೈ ಬೇಕು. ಹಿಗ್ಗಿಸಿದರೆ ಸಾಲಿನ ಅರ್ಧ ತೆರೆಯಿಂದಾಚೆ ಹೋಗುತ್ತದೆ. ಪ್ರತಿ ಸಾಲಿಗೂ ಬಲಕ್ಕೆ ಎಳೆ, ಎಡಕ್ಕೆ ಎಳೆ. ದಿವಾ ನಿಲ್ದಾಣ ಬರುವಷ್ಟರಲ್ಲಿ ಒಂದು ಪುಟವೂ ಮುಗಿಯುವುದಿಲ್ಲ. ಇಷ್ಟು ಕಷ್ಟಪಟ್ಟು ಓದುವವರನ್ನು ನೋಡಿ ಮೆಚ್ಚಬೇಕು ನಿಜ, ಆದರೆ ಈ ಕಷ್ಟಕ್ಕೆ ಯಾವ ಅಗತ್ಯವೂ ಇಲ್ಲ. ಅಕ್ಷರಗಳು ಅಕ್ಷರಗಳಾಗಿಯೇ ಇರುವ ಫೈಲಾದರೆ, ಇ-ಪಬ್ ಮಾದರಿಯದಾದರೆ, ತೆರೆ ಎಷ್ಟು ಅಗಲವಿದೆಯೋ ಅಷ್ಟಕ್ಕೆ ಸಾಲು ತಾನೇ ಮುರಿದು ಕೂಡುತ್ತದೆ. ಅಕ್ಷರ ದೊಡ್ಡದು ಮಾಡಿದರೂ ಸಾಲು ಹೊರಗೆ ಹೋಗುವುದಿಲ್ಲ. ಹೆಬ್ಬೆರಳೊಂದರಿಂದ ಪುಟ ತಿರುವಬಹುದು.

ಫೈಲಿನ ಗಾತ್ರದ ಲೆಕ್ಕವನ್ನೂ ನೋಡಿ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ನಿಗದಿತ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಸಾಮಾನ್ಯವಾಗಿ 3 ಬೈಟ್ ಜಾಗ ಬೇಕು. ಪುಟಕ್ಕೆ 1500 ಸಂಕೇತದಂತೆ 200 ಪುಟಕ್ಕೆ 3 ಲಕ್ಷ ಸಂಕೇತ, ಅಂದರೆ 9 ಲಕ್ಷ ಬೈಟ್. ಒಂದು ಎಂ.ಬಿ.ಯೂ ಆಗಲಿಲ್ಲ. ಅದೇ 200 ಪುಟದ ಬಣ್ಣದ ಸ್ಕ್ಯಾನು ಹತ್ತಾರು ಎಂ.ಬಿ. ನುಂಗುತ್ತದೆ. ಡೇಟಾ ಪ್ಯಾಕ್ ಲೆಕ್ಕ ಹಾಕಿ ಬಳಸುವ ಮನೆಯಲ್ಲಿ, ಹಳೆಯ ಫೋನಿನಲ್ಲಿ ಓದುವವರಿಗೆ ಇದು ದೊಡ್ಡ ವ್ಯತ್ಯಾಸ.

ಸ್ಕ್ಯಾನಿನದು ಒಂದು ತೊಡಕಾದರೆ, ಕಂಪ್ಯೂಟರಿನಲ್ಲೇ ಟೈಪಾದ ಪಠ್ಯದ್ದು ಇನ್ನೊಂದು ತೊಡಕು. ಯುನಿಕೋಡ್ ಮನೆಮಾತಾಗುವ ಮುಂಚೆ, ಮತ್ತು ನಮ್ಮ ಡಿಟಿಪಿ ಅಂಗಡಿಗಳಲ್ಲಿ ಅದರ ನಂತರವೂ ಬಹಳ ಕಾಲ, ಕನ್ನಡ ಟೈಪಾದದ್ದು ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ. ಆ ಫಾಂಟುಗಳು ಮಾಡುತ್ತಿದ್ದುದು ಇಷ್ಟೆ: ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸುವುದು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಬೇರೇನೋ. ನುಡಿಯ ಹಳೆಯ ಫಾಂಟಿನಲ್ಲಿರುವ ಕಡತದಿಂದ ‘ಕನ್ನಡ’ ಎಂಬ ಒಂದು ಪದವನ್ನು ನಕಲಿಸಿ ಫೋನಿನ ಸಂದೇಶದಲ್ಲಿ ಅಂಟಿಸಿ ನೋಡಿ: ಇಂಗ್ಲಿಷಿನ ದೊಡ್ಡ ಪಿ, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ನಡುನಡುವೆ ತಲೆಯ ಮೇಲೆ ಗೀರು ಹೊತ್ತ ಮೂರು ಎ. ಇಂಥ ಫೈಲಿನಲ್ಲಿ ಪಂಪ ಎಂದು ಹುಡುಕಿದರೆ ಪಂಪ ಎಲ್ಲಿಂದ ಸಿಗಬೇಕು?

ಇದಕ್ಕೆ ಆ ಕಾಲದವರನ್ನು ದೂರಿ ಫಲವಿಲ್ಲ. ಬೇರೆ ದಾರಿಯೇ ಇಲ್ಲದ ದಿನಗಳಲ್ಲಿ ಅವರು ಕನ್ನಡವನ್ನು ತೆರೆಯ ಮೇಲೆ ಮೂಡಿಸಿದರು. ಅದರಲ್ಲಿ ಮುಂಬಯಿಯ ಪಾಲೂ ದೊಡ್ಡದು. ನಾವು ಈಗ ಬಳಸುವ ಕನ್ನಡ ಕೀಲಿಮಣೆಯ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಬಹುಕಾಲ ದುಡಿದದ್ದು ಈ ನಗರದಲ್ಲಿ. ವಿಂಡೋಸ್ ಜೊತೆ ಬಂದ ಕನ್ನಡದ ‘ತುಂಗಾ’ ಫಾಂಟಿನ ಹಿಂದಿರುವ ಅಕ್ಷರ ವಿನ್ಯಾಸಕ ರಘುನಾಥ ಜೋಶಿ ಮುಂಬಯಿಯವರು, ಜುಹುವಿನ ರಾಷ್ಟ್ರೀಯ ತಂತ್ರಾಂಶ ಕೇಂದ್ರದಲ್ಲಿ ಕೆಲಸ ಮಾಡಿದವರು. ಕನ್ನಡಕ್ಕೆ ಯುನಿಕೋಡ್‌ನಲ್ಲಿ 1991ರಷ್ಟು ಹಿಂದೆಯೇ ಜಾಗ ಸಿಕ್ಕಿದೆ. ಸೌಕರ್ಯ ಬಂದು ಇಷ್ಟು ವರ್ಷವಾದ ಮೇಲೂ ಹೊಸ ಪಠ್ಯವನ್ನು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸುವುದು ಮಾತ್ರ ಕ್ಷಮಿಸಲಾಗದ್ದು.

ಹಳೆಯ ಫೈಲುಗಳನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಉಚಿತವಾಗಿಯೇ ಸಿಗುತ್ತವೆ. ಆದರೆ ಗುಂಡಿ ಒತ್ತಿ ಎದ್ದು ಹೋಗುವ ಕೆಲಸವಲ್ಲ ಅದು. ಅರ್ಕಾವತ್ತನ್ನೇ ತೆಗೆದುಕೊಳ್ಳಿ. ‘ಕರ್ಮ’ ಎನ್ನುವಾಗ ನಾವು ಉಚ್ಚರಿಸುವುದು ರ್ ಮೊದಲು, ಮ ಆಮೇಲೆ. ಬರೆಯುವುದು ಮ ಮೊದಲು, ಅರ್ಕಾವತ್ತು ಆಮೇಲೆ. ಹಳೆಯ ಫಾಂಟು ಬರೆದ ಕ್ರಮದಲ್ಲಿ ಇಟ್ಟುಕೊಂಡಿರುತ್ತದೆ, ಯುನಿಕೋಡ್ ಉಚ್ಚಾರದ ಕ್ರಮದಲ್ಲಿ ಇಡುತ್ತದೆ. ಪರಿವರ್ತಕ ಸ್ವಲ್ಪ ಎಡವಿದರೂ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಇನ್ನೊಂದು ಕಾಣದ ತಪ್ಪು ಸೊನ್ನೆಯದು. ಅನುಸ್ವಾರ ಹಾಕಬೇಕಾದ ಕಡೆ ಕನ್ನಡ ಅಂಕಿಯ ಸೊನ್ನೆ ಹಾಕಿ ಟೈಪ್ ಮಾಡುವವರು ಈಗಲೂ ಇದ್ದಾರೆ. ಅಚ್ಚಿನಲ್ಲಿ ವ್ಯತ್ಯಾಸ ಕಾಣಿಸದು. ಹುಡುಕಿದಾಗ ಮಾತ್ರ ಆ ಪದ ಇಲ್ಲವೇ ಇಲ್ಲ ಎನ್ನುತ್ತದೆ ಯಂತ್ರ.

ಫೈಲೇ ಉಳಿಯದೆ ಬರೀ ಅಚ್ಚಿನ ಪುಸ್ತಕ ಇರುವಲ್ಲಿ ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶ ಬಳಸಬೇಕು. ಮೊದಲು ಕನ್ನಡಕ್ಕೆ ಇದು ಕನಸಾಗಿತ್ತು. ಈಗ ಯಾರು ಬೇಕಾದರೂ ಬಳಸಬಹುದಾದ ಟೆಸರಾಕ್ಟ್‌ನಲ್ಲಿ ಕನ್ನಡ ಇದೆ, ಗೂಗಲ್‌ನಲ್ಲಿದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ‘ಲಿಪಿ ಜ್ಞಾನಿ’ಯನ್ನು ರೂಪಿಸಿದೆ. ಸ್ವಚ್ಛವಾದ ಹೊಸ ಅಚ್ಚಿನ ಪುಟವನ್ನು ಇವು ಚೆನ್ನಾಗಿ ಓದುತ್ತವೆ. ಅಚ್ಚುಮೊಳೆಯ ಕಾಲದ ಪುಸ್ತಕಗಳಲ್ಲಿ ತೊಂದರೆ. ಮಹಾಪ್ರಾಣದ ಸೀಳು ಮಸಿಯಲ್ಲಿ ಮುಚ್ಚಿಹೋದರೆ ‘ಧನ’ ‘ದನ’ವಾಗುತ್ತದೆ. ಹಳಗನ್ನಡ ಬಂದರಂತೂ ಶಕಟರೇಫೆ ಱ, ರಳ ೞ ಎದುರಾಗುತ್ತವೆ. ಆಧುನಿಕ ಪಠ್ಯದ ಮೇಲೆ ಪಳಗಿದ ತಂತ್ರಾಂಶ ಇವನ್ನು ತನಗೆ ಪರಿಚಯವಿರುವ ಯಾವುದೋ ಅಕ್ಷರವೆಂದು ಬರೆದುಬಿಡುತ್ತದೆ. (ಯುನಿಕೋಡ್ ಪಟ್ಟಿಯಲ್ಲೇ ೞ ಅಕ್ಷರಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ, ಒಮ್ಮೆ ಕೊಟ್ಟ ಹೆಸರು ಬದಲಿಸುವ ನಿಯಮ ಅಲ್ಲಿಲ್ಲದ ಕಾರಣ ಸರಿ ಹೆಸರನ್ನು ಪಕ್ಕದಲ್ಲಿ ನಮೂದಿಸಿದ್ದಾರೆ.) ಎಂ.ಎ. ವಿದ್ಯಾರ್ಥಿಗೆ ಪಂಪಭಾರತದ ಪದ್ಯದಲ್ಲಿ ಒಂದಕ್ಷರ ತಪ್ಪಿದರೆ ಅರ್ಥವೂ ಹೋಯಿತು, ಛಂದಸ್ಸೂ ಹೋಯಿತು. ಆದ್ದರಿಂದ ಡಿಜಿಟಲ್ ಪಠ್ಯದ ಖರ್ಚಿನಲ್ಲಿ ದೊಡ್ಡ ಪಾಲು ಸ್ಕ್ಯಾನರಿಗೆ ಹೋಗಬಾರದು, ಕರಡು ತಿದ್ದುವವರಿಗೆ ಹೋಗಬೇಕು. ಯಾವುದೇ ಯೋಜನೆಯಲ್ಲಿ ಯಂತ್ರಕ್ಕೆ ಹಣವಿಟ್ಟು ಕರಡಿಗೆ ಇಡದಿದ್ದರೆ ಅದರಿಂದ ಹೊರಬರುವ ಪಠ್ಯವನ್ನು ನಂಬಬೇಡಿ.

ಅವಸರ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ವಿಶ್ವವಿದ್ಯಾಲಯದಲ್ಲೇ ಉದಾಹರಣೆಯಿದೆ. 2017ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ತೆರೆಯ ಮೇಲೆ ಮೌಲ್ಯಮಾಪನ ಮಾಡಲು ಹೊರಟಿತು. ಸುಮಾರು 17 ಲಕ್ಷ ಪತ್ರಿಕೆಗಳು, ಸಿದ್ಧತೆ ಸಾಲದು, ಅಧ್ಯಾಪಕರಿಗೆ ತರಬೇತಿ ಸಾಲದು. ರಾಜ್ಯಪಾಲರು ಕೊಟ್ಟ ಜುಲೈ 31ರ ಗಡುವು ದಾಟಿತು, ಫಲಿತಾಂಶ ಸೆಪ್ಟೆಂಬರ್‌ವರೆಗೂ ಎಳೆಯಿತು, ಕೆಲವರ ಪತ್ರಿಕೆಗಳು ಪತ್ತೆಯೇ ಆಗಲಿಲ್ಲ. ಅಕ್ಟೋಬರ್‌ನಲ್ಲಿ ಕುಲಪತಿಯನ್ನು ವಜಾ ಮಾಡಲಾಯಿತು. ಆ ಬೇಸಿಗೆಯಲ್ಲಿ ಪರೀಕ್ಷೆ ಬರೆದು ಮುಂದಿನ ಪ್ರವೇಶಕ್ಕೆ ಕಾದು ಕುಳಿತ ಮಕ್ಕಳು ಥಾಣೆ, ಕಲ್ಯಾಣಿನ ಕನ್ನಡ ಮನೆಗಳಲ್ಲೂ ಇದ್ದರು. ಕಾಗದ ಬಿಡುವುದು ತಪ್ಪಾಗಿರಲಿಲ್ಲ. ಸ್ಕ್ಯಾನ್ ಮಾಡಿದರೆ ಉಳಿದದ್ದು ತಾನೇ ಆಗುತ್ತದೆ ಎಂದುಕೊಂಡದ್ದು ತಪ್ಪಾಯಿತು. ಪಠ್ಯದ ವಿಷಯದಲ್ಲಿ ಅದೇ ತಪ್ಪನ್ನು ನಾವು ಮೆಲ್ಲಗೆ, ಸದ್ದಿಲ್ಲದೆ ಮಾಡುತ್ತಿದ್ದೇವೆ.

ದೂರಶಿಕ್ಷಣದವರು ಈ ದಾರಿಯಲ್ಲಿ ಮುಂದಿದ್ದಾರೆ. ಇಗ್ನೊ ತನ್ನ ಪಾಠದ ಘಟಕಗಳನ್ನು ಇ-ಜ್ಞಾನಕೋಶದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಅಚ್ಚಿನ ಪುಸ್ತಕ ಬೇಡವೆಂದವರಿಗೆ ಶುಲ್ಕದಲ್ಲಿ ಶೇ. 15ರ ರಿಯಾಯಿತಿ ಕೊಡುವ ಕ್ರಮವನ್ನೂ ತಂದಿತು. ಮುಂಬಯಿ ವಿಶ್ವವಿದ್ಯಾಲಯ 1971ರಲ್ಲಿ ಆರಂಭಿಸಿದ ದೂರಶಿಕ್ಷಣದ ಪುಸ್ತಕಗಳೂ ಈಗ ಪಿಡಿಎಫ್ ಆಗಿ ಸಿಗುತ್ತವೆ. ಕನ್ನಡದಲ್ಲಿ ದೂರಶಿಕ್ಷಣವೆಂದರೆ ಮೈಸೂರು. ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣ 1969ರಲ್ಲಿ ಶುರುವಾಗಿ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಯುಜಿಸಿ ನಿಯಮದ ಪ್ರಕಾರ ರಾಜ್ಯದ ವಿಶ್ವವಿದ್ಯಾಲಯ ತನ್ನ ರಾಜ್ಯದ ಗಡಿಯಾಚೆ ದೂರಶಿಕ್ಷಣದ ಕೇಂದ್ರ ನಡೆಸುವಂತಿಲ್ಲ. ಆದರೆ 2020ರ ನಿಯಮಾವಳಿಯಲ್ಲಿ ಆನ್‌ಲೈನ್ ಕೋರ್ಸಿಗೆ ಈ ಗಡಿ ಇಲ್ಲ. ಡೊಂಬಿವಲಿಯಲ್ಲಿ ಕುಳಿತು ಕರ್ನಾಟಕದ ಪದವಿಯನ್ನು ಕನ್ನಡದಲ್ಲೇ ಓದುವ ದಾರಿ ಹೀಗೆ ಕಾನೂನಿನಲ್ಲಿ ತೆರೆದಿದೆ. ಆ ದಾರಿಯಲ್ಲಿ ನಡೆಯಲು ಬೇಕಾದ ಪಠ್ಯ ಸಿದ್ಧವಿದೆಯೇ ಎಂಬುದೇ ಪ್ರಶ್ನೆ.

ಕಣ್ಣು ಕಾಣದ ವಿದ್ಯಾರ್ಥಿಯ ಮಾತು ಈ ಚರ್ಚೆಗಳಲ್ಲಿ ಬರುವುದೇ ಕಡಿಮೆ. ಫೋನು, ಕಂಪ್ಯೂಟರುಗಳು ಈಗ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತವೆ. ಆದರೆ ಯುನಿಕೋಡ್ ಪಠ್ಯವಿದ್ದರೆ ಮಾತ್ರ. ಸ್ಕ್ಯಾನ್ ಪುಟ ಬಂದರೆ ಅವು ಸುಮ್ಮನಾಗುತ್ತವೆ, ಹಳೆಯ ಫಾಂಟು ಬಂದರೆ ಪಿ, ಪೌಂಡ್ ಎಂದು ಓದುತ್ತವೆ. ಅಚ್ಚು ಓದಲಾಗದವರಿಗಾಗಿ ಪುಸ್ತಕವನ್ನು ಓದಬಲ್ಲ ರೂಪಕ್ಕೆ ತರಲು ಲೇಖಕರ ಅನುಮತಿ ಬೇಕಿಲ್ಲ ಎಂದು 2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿಯಾಗಿದೆ. ಇದೇ ಆಶಯದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. ಕಾನೂನು ಕೊಟ್ಟ ಹಕ್ಕನ್ನು ಒಂದು ಕೆಟ್ಟ ಸ್ಕ್ಯಾನು ಕಿತ್ತುಕೊಳ್ಳಬಾರದು.

ಉಳಿದವರಿಗೆ ಕಾಪಿರೈಟ್ ಪ್ರಶ್ನೆ ಇದ್ದೇ ಇದೆ. ಅಧ್ಯಾಪಕರಲ್ಲಿ ಕೆಲವರು ಹೆದರಿ ಏನನ್ನೂ ಕೊಡುವುದಿಲ್ಲ, ಕೆಲವರು ಕಾದಂಬರಿಯನ್ನೇ ಇಡಿಯಾಗಿ ಗುಂಪಿಗೆ ಹಾಕುತ್ತಾರೆ. ಎರಡೂ ಸರಿಯಲ್ಲ. ದಿಲ್ಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹೂಡಿದ ದಾವೆಯಲ್ಲಿ 2016ರಲ್ಲಿ ದಿಲ್ಲಿ ಹೈಕೋರ್ಟು, ಪಾಠಕ್ಕೆ ಬೇಕಾದ ಭಾಗಗಳನ್ನು ಸೇರಿಸಿ ಪ್ರತಿ ಮಾಡಿಕೊಡುವುದು ಕಾಯ್ದೆಯ ಶಿಕ್ಷಣ ವಿನಾಯಿತಿಯಲ್ಲಿ ಬರುತ್ತದೆ ಎಂದಿತು. ಆ ತೀರ್ಪು ಜೆರಾಕ್ಸ್ ಪ್ಯಾಕಿನ ಕುರಿತದ್ದು. ಕೃತಿಯನ್ನು ಊರಿಗೆಲ್ಲ ಹಂಚಲು ಅದು ಪರವಾನಗಿಯಲ್ಲ. ಭಾರತದಲ್ಲಿ ಲೇಖಕರು ತೀರಿಕೊಂಡ 60 ವರ್ಷದವರೆಗೆ ಹಕ್ಕು ಉಳಿಯುತ್ತದೆ. ಬಿ.ಎಂ. ಶ್ರೀ, ಪಂಜೆ ಮಂಗೇಶರಾಯರ ಬರಹ ಈಗ ಎಲ್ಲರದು. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳ ಕೃತಿಗಳು 2024ರ ಜನವರಿಯಿಂದ ಮುಕ್ತವಾಗಿವೆ. ಮುಂಬಯಿಯಲ್ಲೇ ಕೊನೆಯುಸಿರೆಳೆದ ಬೇಂದ್ರೆಯವರ ಹಕ್ಕು 2041ರ ಕೊನೆಯವರೆಗೆ, ಯಶವಂತ ಚಿತ್ತಾಲರದು 2074ರವರೆಗೆ. ಹಕ್ಕಿರುವ ಕೃತಿಗಳಿಗೆ ಕುಟುಂಬದವರನ್ನು, ಪ್ರಕಾಶಕರನ್ನು ಕೇಳಬೇಕು. ಮುಂಬಯಿಯ ಲೇಖಕರ ಮಟ್ಟಿಗೆ ಅವರಲ್ಲಿ ಅನೇಕರು ಲೋಕಲ್ ರೈಲಿನ ದೂರದಲ್ಲೇ ಇದ್ದಾರೆ. ಸಂಘದ ಕಾರ್ಯಕ್ರಮಗಳಲ್ಲಿ ಪಕ್ಕದ ಕುರ್ಚಿಯಲ್ಲಿ ಸಿಗುತ್ತಾರೆ. ವಿಶ್ವವಿದ್ಯಾಲಯಗಳು ಮನಸ್ಸು ಮಾಡಿದರೆ ಇನ್ನೂ ದೊಡ್ಡ ಕೆಲಸ ಸಾಧ್ಯ: ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತ ಪರವಾನಗಿಯಲ್ಲಿ ಕೊಟ್ಟಿತು.

ಕಾಗದವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಪಾಬ್ಲೊ ದೆಲ್ಗಾಡೊ ಮತ್ತು ಸಂಗಡಿಗರು 54 ಅಧ್ಯಯನಗಳನ್ನು, 1.7 ಲಕ್ಷ ಓದುಗರ ಫಲಿತಾಂಶಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ವಿಷಯ ವಿವರಿಸುವ ಬರಹವನ್ನು ಜನ ಕಾಗದದಲ್ಲಿ ಓದಿದಾಗ ಹೆಚ್ಚು ಗ್ರಹಿಸುತ್ತಾರೆ ಎಂದು ಕಂಡುಬಂತು. ಕಥೆಯ ಓದಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ವ್ಯಾಕರಣ, ಕಾವ್ಯಮೀಮಾಂಸೆ, ಹಳಗನ್ನಡ ಪದ್ಯಗಳನ್ನು ಪೆನ್ನು ಹಿಡಿದು ಅಂಚಿನಲ್ಲಿ ಬರೆದುಕೊಳ್ಳುತ್ತ ಓದುವುದೇ ಒಳ್ಳೆಯದು. ಸರಿಯಾದ ಡಿಜಿಟಲ್ ಪಠ್ಯವಿದ್ದರೆ ಅದೂ ಸುಲಭ. ಎಂ.ಎ. ತರಗತಿಯ ಹತ್ತಿಪ್ಪತ್ತು ಜನರಿಗಾಗಿ ಯಾವ ಪ್ರಕಾಶಕರೂ ಪುಸ್ತಕ ಮರುಮುದ್ರಿಸುವುದಿಲ್ಲ. ಪಠ್ಯಕ್ರಮ ಬದಲಾದಂತೆಲ್ಲ ಹಳೆಯ ಪುಸ್ತಕ ಮೂಲೆ ಸೇರುತ್ತದೆ. ಶುದ್ಧ ಪಠ್ಯದ ಫೈಲಿದ್ದರೆ ಡೊಂಬಿವಲಿಯ ಜೆರಾಕ್ಸ್ ಅಂಗಡಿಯಲ್ಲೇ ಬೇಕಾದ ಘಟಕವನ್ನು, ಬೇಕಾದ ಅಕ್ಷರಗಾತ್ರದಲ್ಲಿ ಅಚ್ಚು ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸಬಹುದು. ಫೋಟೊದ ಫೋಟೊ ತೆಗೆದ ಮಸುಕು ಪ್ರತಿಯಿಂದ ಅದಾಗದು.

ಇಡುವ ಜಾಗದ ಮಾತನ್ನೂ ಹೇಳಬೇಕು. ವಾಟ್ಸಾಪ್ ಗುಂಪು ಸೆಮಿಸ್ಟರ್ ಮುಗಿದ ಮೇಲೆ ಸತ್ತುಹೋಗುತ್ತದೆ. ಅಧ್ಯಾಪಕರ ಸ್ವಂತ ಡ್ರೈವಿನಲ್ಲಿಟ್ಟದ್ದು ಅವರು ನಿವೃತ್ತರಾದಾಗ ಅವರೊಂದಿಗೆ ಹೋಗುತ್ತದೆ. ಪಠ್ಯ ಇರಬೇಕಾದದ್ದು ಸಂಸ್ಥೆಯ ಹೆಸರಿನ ಜಾಗದಲ್ಲಿ, ಲೇಖಕರು, ಪತ್ರಿಕೆಯ ಹೆಸರು, ಪಠ್ಯಕ್ರಮದ ವರ್ಷ ಫೈಲಿನ ಮೇಲೆಯೇ ಕಾಣುವಂತೆ.

ಇದಕ್ಕೆ ಕಾಯಬೇಕಾದದ್ದು ಏನೂ ಇಲ್ಲ. ಥಾಣೆಯಿಂದ ಪನ್ವೇಲ್‌ವರೆಗಿನ ನಮ್ಮ ಸಂಘಗಳಲ್ಲಿ ನಿವೃತ್ತ ಕನ್ನಡ ಶಿಕ್ಷಕರಿದ್ದಾರೆ, ಒಂದು ಕಾಲದಲ್ಲಿ ಪತ್ರಿಕೆಗಳಲ್ಲಿ ಕರಡು ತಿದ್ದಿದವರಿದ್ದಾರೆ, ಕಂಪ್ಯೂಟರ್ ಬಲ್ಲ ಮೊಮ್ಮಕ್ಕಳಿದ್ದಾರೆ. ಅಧ್ಯಾಪಕರಲ್ಲಿ ನನ್ನ ವಿನಂತಿ: ಈ ವರ್ಷದಿಂದ ಯಾವ ನೋಟ್ಸನ್ನೂ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಬೇಡಿ, ಡಿಟಿಪಿಯವರಿಂದ ಪಿಡಿಎಫ್ ಜೊತೆಗೆ ಯುನಿಕೋಡ್ ಫೈಲನ್ನೂ ಕೇಳಿ ಪಡೆಯಿರಿ. ಪುಸ್ತಕ ಬರೆದವರಲ್ಲಿ ವಿನಂತಿ: ನಿಮ್ಮ ಮನೆಯ ಸಿ.ಡಿ.ಗಳಲ್ಲಿ, ಹಳೆಯ ಕಂಪ್ಯೂಟರಿನಲ್ಲಿ ಉಳಿದಿರುವ ಪೇಜ್‌ಮೇಕರ್ ಕಡತಗಳನ್ನು ಈಗಲೇ ತೆಗೆಸಿ. ಆ ತಂತ್ರಾಂಶಕ್ಕೆ 2001ರ ನಂತರ ದೊಡ್ಡ ಹೊಸ ಆವೃತ್ತಿಯೇ ಬಂದಿಲ್ಲ, ಅದು ಓಡುವ ಯಂತ್ರಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ. ಸಂಘಗಳ ಪದಾಧಿಕಾರಿಗಳಲ್ಲಿ ವಿನಂತಿ: ವಾರ್ಷಿಕೋತ್ಸವದ ಖರ್ಚಿನ ಒಂದು ಪಾಲನ್ನು ಕರಡು ತಿದ್ದುವವರ ಗೌರವಧನಕ್ಕೆ ಎತ್ತಿಡಿ. ಒಂದು ಸೆಮಿಸ್ಟರಿನ ಒಂದು ಪತ್ರಿಕೆಯಿಂದ ಶುರು ಮಾಡಿ, ಮುಂದಿನ ಜೂನ್‌ನೊಳಗೆ ಅದನ್ನು ಮುಗಿಸಿ ವಿದ್ಯಾರ್ಥಿಗಳ ಕೈಗೆ ಕೊಡಿ.